ಕವಳೆ ಹಣ್ಣಿನ ಬಣ್ಣದಲ್ಲಿರುವ ಸತ್ವ



ಜಗಳೂರು ಸೀಮೆಯ ಕುರುಚಲು ಕಾಡಿನಲ್ಲಿ, ಹಳೆಯ ಹೊಲಗಳ ಬದುವಿನಲ್ಲಿ ತಾನಾಗಿ ಬೆಳೆದ ಕವಳೆ ಗಿಡವನ್ನು ಕಾಣದವರು ವಿರಳ. ಕೆಲವರು ಇದನ್ನು ಕವಳಿ ಎನ್ನುತ್ತಾರೆ. ಬೇಸಿಗೆಯ ಕೊನೆಗೆ ಇದರ ಹಸಿರು ಕಾಯಿ ಕೆಂಪಾಗಿ, ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಕಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ದನ ಕಾಯುವ ಹುಡುಗರು ತಿನ್ನುವ ಹಣ್ಣೆಂದು ದೊಡ್ಡವರು ಇದನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಮೆಕ್ಕೆಜೋಳದ ಸಾಲು ಇನ್ನೆರಡು ಹೆಚ್ಚಲಿ ಎಂದು ಜೆಸಿಬಿ ತರಿಸಿ ಬದು ಸವರಿದರೆ ಈ ಗಿಡವೂ ಹೋಗುತ್ತದೆ. ಹಾಗೆ ಹೋಗುವುದು ಬರೀ ಮುಳ್ಳಿನ ಪೊದೆಯಲ್ಲ.

ಹಣ್ಣಿಗೆ ಆ ಕಪ್ಪು ನೇರಳೆ ಬಣ್ಣ ಕೊಡುವ ವಸ್ತುವಿಗೆ ಆಂಥೋಸಯನಿನ್ ಎಂದು ಹೆಸರು. ನೇರಳೆ ಹಣ್ಣಿನಲ್ಲಿರುವುದೂ ಇದೇ ಗುಂಪಿಗೆ ಸೇರಿದ್ದು. ಯುರೋಪಿನ ಜನ ಪಾನಕ ಮಾಡಿ ಕುಡಿಯುವ ಎಲ್ಡರ್ ಎಂಬ ಕಾಡುಹಣ್ಣಿಗೆ ಪೇಟೆಯಲ್ಲಿ ಬೆಲೆ ಬಂದಿರುವುದು ಬಹುಮಟ್ಟಿಗೆ ಈ ಬಣ್ಣದಿಂದಲೇ. ಆ ಹಣ್ಣನ್ನು ಹಸಿಯಾಗಿ ತಿಂದರೆ ವಾಂತಿ, ಭೇದಿ ಆಗಬಹುದಾದ್ದರಿಂದ ಬೇಯಿಸಿಯೇ ಬಳಸಬೇಕು. ಮಾಗಿದ ಕವಳೆಗೆ ಆ ತೊಡಕಿಲ್ಲ. ಗಿಡದಿಂದ ಕಿತ್ತು ತೊಳೆದು ತಿನ್ನಬಹುದು.

ದೇಹದ ಜೀವಕೋಶಗಳು ಕೆಲಸ ಮಾಡುವಾಗ ಹುಟ್ಟುವ ಕೆಲವು ವಸ್ತುಗಳು ಆ ಕೋಶಗಳಿಗೇ ಹಾನಿ ಮಾಡಬಲ್ಲವು. ಆಂಥೋಸಯನಿನ್ ಅವುಗಳನ್ನು ತಣಿಸುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಕಂಡುಬಂದ ಸಂಗತಿ. ಆದರೆ ಗಾಜಿನ ನಳಿಗೆಯಲ್ಲಿ ನಡೆದದ್ದೆಲ್ಲ ಹೊಟ್ಟೆಯಲ್ಲಿಯೂ ಹಾಗೆಯೇ ನಡೆಯುವುದಿಲ್ಲ. ತಿಂದ ಬಣ್ಣದಲ್ಲಿ ರಕ್ತಕ್ಕೆ ಸೇರುವುದು ಅಲ್ಪ ಭಾಗ ಮಾತ್ರ. ಆದ್ದರಿಂದ ಕವಳೆಯನ್ನು ಔಷಧಿ ಎನ್ನದೆ, ರೊಟ್ಟಿ ಮುದ್ದೆಗಳ ಜೊತೆ ಸೇರಬೇಕಾದ ಒಳ್ಳೆಯ ಆಹಾರ ಎನ್ನುವುದೇ ಸರಿ. ಇದರಲ್ಲಿ ಸಿ ಜೀವಸತ್ವವೂ ಇದೆ. ಈ ಜೀವಸತ್ವ ರಾಗಿ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ನೇರಳೆ ಬೀಜದ ಪುಡಿಯ ವಿಷಯದಲ್ಲಿ ಎಚ್ಚರ ಅಗತ್ಯ. ಸಕ್ಕರೆ ಕಾಯಿಲೆಗೆ ಇದನ್ನು ಬಳಸುವ ಪದ್ಧತಿ ಬಹಳ ಹಿಂದಿನದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಕ್ಕರೆ ಇಳಿದದ್ದೂ ಉಂಟು. ಅಷ್ಟಕ್ಕೇ ವೈದ್ಯರು ಕೊಟ್ಟ ಗುಳಿಗೆ ಬಿಟ್ಟು ಪುಡಿಯನ್ನು ನಂಬಿ ಕೂರುವುದು ಅಪಾಯ. ಗುಳಿಗೆಯ ಜೊತೆ ಪುಡಿಯನ್ನೂ ತಿನ್ನುವವರು ಅದನ್ನು ವೈದ್ಯರಿಗೆ ತಿಳಿಸಬೇಕು. ಸಕ್ಕರೆ ಮಿತಿಮೀರಿ ಇಳಿದರೂ ಕೇಡೇ.

ಸತ್ವ ಬಣ್ಣದಲ್ಲಿದೆ ಎಂದ ಮೇಲೆ ಬಣ್ಣ ಉಳಿಸಿಕೊಳ್ಳುವುದೇ ಕೆಲಸ. ಹಸಿರು ಕಾಯಿಯ ಉಪ್ಪಿನಕಾಯಿ ಬಾಯಿಗೆ ರುಚಿ, ಆದರೆ ಅದರಲ್ಲಿ ಈ ಬಣ್ಣ ಇನ್ನೂ ಕೂಡಿರುವುದಿಲ್ಲ. ಎಳೆಗಾಯಿಯ ಹಾಲು ತುಟಿಗೆ ಅಂಟುತ್ತದೆ. ಪೂರ್ತಿ ಕಪ್ಪಾದ ಹಣ್ಣನ್ನೇ ಆರಿಸಬೇಕು. ಅದು ಎರಡು ಮೂರು ದಿನಕ್ಕಿಂತ ಹೆಚ್ಚು ತಡೆಯದು. ಹಣ್ಣನ್ನು ಸ್ಟೀಲ್ ಪಾತ್ರೆಯಲ್ಲಿ ಹಿಸುಕಿ, ಬಿಸಿ ಮಾಡಿ, ಕುದಿ ಬರುವ ಮುನ್ನವೇ ಇಳಿಸಿ ಬಟ್ಟೆಯಲ್ಲಿ ಶೋಧಿಸಿದರೆ ಪಾನಕಕ್ಕೆ ರಸ ಸಿದ್ಧ. ಕಬ್ಬಿಣದ ಬಾಣಲೆ ಬೇಡ, ರಸ ಕಪ್ಪಿಡುತ್ತದೆ. ಹುಳಿ ಮುರಿಯಲೆಂದು ಅಡುಗೆ ಸೋಡಾ ಹಾಕುವುದಂತೂ ಕೂಡದು. ಒಂದು ಲೋಟದಲ್ಲಿ ಹಾಕಿ ನೋಡಿದರೆ ಗೊತ್ತಾಗುತ್ತದೆ: ಕೆಂಪು ರಸ ನೀಲಿಗೆ ತಿರುಗುತ್ತದೆ, ನಿಂಬೆಹುಳಿ ಹಿಂಡಿದರೆ ಮತ್ತೆ ಕೆಂಪಾಗುತ್ತದೆ. ಹುಳಿಯಲ್ಲಿ ಈ ಬಣ್ಣ ಗಟ್ಟಿ, ಸೋಡಾದಲ್ಲಿ ಬೇಗ ಕೆಡುತ್ತದೆ. ಒಣಗಿಸುವವರು ನೆರಳಲ್ಲೇ ಒಣಗಿಸಲಿ. ಕವಳೆಯಲ್ಲಿ ಪೆಕ್ಟಿನ್ ಎಂಬ ಅಂಟಿನ ಅಂಶ ಚೆನ್ನಾಗಿರುವುದರಿಂದ ಜಾಮ್, ಜೆಲ್ಲಿ ಸುಲಭವಾಗಿ ಕಟ್ಟುತ್ತವೆ. ಆದರೆ ಅವುಗಳಿಗೆ ಬೀಳುವ ಸಕ್ಕರೆಯನ್ನೂ ನೆನಪಿಡಬೇಕು.

ಹಣ್ಣಿಗಾಗಿ ಗುಡ್ಡಕ್ಕೆ ಹೋಗೋಣವೆಂದರೆ, ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿ.ಮೀ. ಕಾಡು 2011ರಿಂದ ಕೊಂಡುಕುರಿ ವನ್ಯಜೀವಿಧಾಮವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಲ್ಲಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ. ಉದುರಿದ ಹಣ್ಣುಗಳು ಕೊಂಡುಕುರಿಯ ಆಹಾರವೂ ಹೌದು. ಹಾಗಾಗಿ ಸ್ವಂತ ಬದುವೇ ದಾರಿ.

ಕವಳೆ ಬೀಜದ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಮಾಗಿದ ಹಣ್ಣಿನಿಂದ ಬೀಜ ತೆಗೆದು, ತೊಳೆದು, ನೆರಳಲ್ಲಿ ಆರಿಸಿ, ವಾರದೊಳಗೆ ಪಾಲಿಥೀನ್ ಚೀಲಗಳಲ್ಲಿ ಬಿತ್ತಬೇಕು. ಮುಂದಿನ ವರ್ಷದ ಮುಂಗಾರಿಗೆ ಸಸಿಗಳನ್ನು ಬದುವಿನ ಉದ್ದಕ್ಕೂ ಎರಡು ಮೂರು ಅಡಿಗೊಂದರಂತೆ ನೆಟ್ಟರೆ ದನ ನುಗ್ಗದ ಬೇಲಿಯಾಗುತ್ತದೆ. ಮೊದಲ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಕೊಟ್ಟರೆ ಸಾಕು, ಮುಂದೆ ಮಳೆಯ ನೀರಿನಲ್ಲೇ ಬದುಕುತ್ತದೆ. ಸುಮಾರು ಮೂರನೆಯ ವರ್ಷಕ್ಕೆ ಹಣ್ಣು ಕಾಣಿಸಿಕೊಳ್ಳುತ್ತದೆ. ಈಗಾಗಲೇ ಬದುವಿನಲ್ಲಿ ಗಿಡವಿರುವವರು ಬೇರು ಕೀಳಿಸದೆ, ಹಣ್ಣು ಮುಗಿದ ಮೇಲೆ ಒಣಗಿದ ರೆಂಬೆಗಳನ್ನಷ್ಟೇ ಸವರಿ ಬಿಡಬಹುದು.