ಚೀನಾದ ಹೋಟೆಲಲ್ಲಿ ಊಟ ಕೇಳೋದು ಹೇಗೆ?

ಇವತ್ತು ಚೀನಾದ ಮ್ಯಾಂಡರಿನ್ ಭಾಷೆಯ ಊಟ-ತಿಂಡಿ ಪದಗಳನ್ನು ನೋಡೋಣ. ಮೊದಲನೇದು ನಮಗೆ ಆಗಲೇ ಗೊತ್ತು: 'ಚಾ'. ನಮ್ಮ 'ಚಹಾ'ದ ಮೂಲ ಅದೇ. ನೀರಿಗೆ 'ಶ್ವೇ', ಅನ್ನಕ್ಕೆ 'ಮಿಫಾನ್'.

ಅಲ್ಲಿ ದನಿಯ ಏರಿಳಿತ ಬದಲಾದ್ರೆ ಅರ್ಥವೂ ಬದಲಾಗುತ್ತೆ. 'ಥಾಂಗ್' ಅಂತ ಏರುದನಿಯಲ್ಲೇ ಸಮನಾಗಿ ಎಳೆದ್ರೆ ಸೂಪು, ಪ್ರಶ್ನೆ ಕೇಳೋ ಹಾಗೆ ಮೇಲಕ್ಕೆತ್ತಿದ್ರೆ ಸಕ್ಕರೆ. ನಮ್ಮಲ್ಲಿ ಸ್ವರ ದೀರ್ಘವಾದ್ರೆ ಬಳೆ ಹೋಗಿ ಬಾಳೆ ಆಗಲ್ವಾ, ಹಾಗೇ.

ಎಲ್ಲಕ್ಕಿಂತ ಮುಖ್ಯ 'ರೋ', ಅಂದ್ರೆ ಮಾಂಸ. ಕೋಳಿ ಮಾಂಸ 'ಜೀರೋ', ದನದ ಮಾಂಸ 'ನಿಯೋರೋ'. ಬರೀ 'ರೋ' ಅಂದ್ರೆ ಸಾಮಾನ್ಯವಾಗಿ ಹಂದಿ ಮಾಂಸ ಅಂತಲೇ ಅರ್ಥ. ಆದ್ದರಿಂದ ಸಸ್ಯಾಹಾರಿಗಳು 'ಬು ಯಾವ್ ರೋ', ಅಂದ್ರೆ 'ಮಾಂಸ ಬೇಡ' ಅಂದ್ರಷ್ಟೇ ಸಾಲದು. ಮೀನೋ ಸೀಗಡಿಯೋ ತಟ್ಟೆಗೆ ಬರಬಹುದು. 'ವೋ ಛರ್ ಸೂ' ಅನ್ನಿ: ನಾನು ಸಸ್ಯಾಹಾರಿ ಅಂತ. ಮೊಟ್ಟೆಯೂ ಬೇಡವಾದ್ರೆ 'ಬು ಯಾವ್ ಜೀದಾನ್' ಸೇರಿಸಿ. ಹಲಾಲ್ ಊಟ ಬೇಕಾದವರು 'ಛಿಂಗ್‌ಜನ್' ಅಂತ ಕೇಳಿ.

ನೂರು ಪದ ಬಾಯಿಪಾಠ ಮಾಡೋದು ಆಮೇಲೆ. ತಿನ್ನಬಾರದ್ದನ್ನು ಹೇಳೋಕೆ ಮೊದಲು ಕಲೀರಿ. ಮುಂದಿನ ಕಂತಿನಲ್ಲಿ ಸಿಗೋಣ.