ಬಸುರಿ ಗದ್ದೆಗೆ ಬರೆದ ಬುಟ್ಟಿ



ಮಹಾನವಮಿ ಬಂತೆಂದರೆ ಸಿದ್ದಾಪುರದ ಕಡೆ ದೀವರು ಸಮುದಾಯದ ಮನೆಗಳ ಹೆಂಗಸರು ಬುಟ್ಟಿ ಹಿಡಿದು ಕೂರುತ್ತಾರೆ. ಮೊದಲು ಸಗಣಿ ಬಳಿದು ಒಣಗಿಸಬೇಕು. ಅದರ ಮೇಲೆ ಕೆಮ್ಮಣ್ಣು. ಅದೂ ಆರಿದ ಮೇಲೆ, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಪುಂಡಿ ನಾರು ಅದ್ದಿ, ಉಸಿರು ಬಿಗಿಹಿಡಿದು ಚಿತ್ತಾರದ ಒಂದೊಂದೇ ಎಳೆ ಎಳೆಯುತ್ತಾರೆ.

ಇದು ಭೂಮಣ್ಣಿ ಬುಟ್ಟಿ. ಸೀಗಿ ಹುಣ್ಣಿಮೆಗೆ, ಅಂದರೆ ನಮ್ಮ ಭೂಮಿ ಹುಣ್ಣಿಮೆಗೆ ಸಿದ್ಧವಾಗಬೇಕು. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಪೈರು ಹೊತ್ತ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ ಹಾಕದೆ ಇರುವುದುಂಟೆ? ರಾತ್ರಿಯಿಡೀ ಅಡುಗೆ ನಡೆಯುತ್ತದೆ. ನಸುಕಿನಲ್ಲಿ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೊರಡುತ್ತಾರೆ. ಪೈರಿಗೆ ಪೂಜೆ, ಎಡೆ. ಸೊಪ್ಪುಗಳನ್ನು ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಗದ್ದೆಗೆಲ್ಲ ಬೀರುತ್ತಾರೆ. ಕಾಗೆಗೂ ಪಾಲುಂಟು, ಇಲಿಗೂ ಉಂಟು. ಭತ್ತ ಕದಿಯುವ ಇಲಿಯನ್ನೂ ಊಟಕ್ಕೆ ಕರೆದವರು ನಮ್ಮ ಹಿರಿಯರು.

ಹೆಂಗಸರು ಹೀಗೆ ಚಿತ್ತಾರ ಬರೆಯುವುದು ನಮ್ಮಲ್ಲಷ್ಟೇ ಅಲ್ಲ. ದೂರದ ಸ್ಲೊವಾಕಿಯಾದಲ್ಲಿ ಚಿಚ್ಮನಿ ಎಂಬ ಬೆಟ್ಟದೂರಿದೆ. ಅಲ್ಲಿನ ಮರದ ದಿಮ್ಮಿಗಳ ಕಪ್ಪು ಗೋಡೆಗಳ ಮೇಲೆ ಬಿಳಿ ಸುಣ್ಣದ ಚಿತ್ತಾರ. ಮರ ಕೆಡದಿರಲಿ ಎಂದು ಬಳಿದ ಸುಣ್ಣ ಹೆಂಗಸರ ಕೈಗೆ ಸಿಕ್ಕು ಚಿತ್ತಾರವಾಯಿತಂತೆ. ಅವರ ಬಟ್ಟೆಯ ಕಸೂತಿಯೇ ಗೋಡೆಗೂ ಬಂತು. 1921ರ ಬೆಂಕಿಗೆ ಆ ಊರಿನ ಬಹಳ ಮನೆಗಳು ಸುಟ್ಟುಹೋದವು. ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದರು, ಮತ್ತೆ ಬರೆದರು. 1977ರಲ್ಲಿ ಅಲ್ಲಿನ ಸರ್ಕಾರ ಅದನ್ನು ಸಂರಕ್ಷಿತ ತಾಣವೆಂದು ಸಾರಿತು.

ನಮ್ಮಲ್ಲಿ ಬೆಂಕಿ ಬೀಳಲಿಲ್ಲ, ಸಿಮೆಂಟು ಬಂತು. ಮಣ್ಣಿನ ಗೋಡೆ ಹೋದಲ್ಲಿ ಮದುವೆಗೆಂದು ಚಿತ್ತಾರ ಬರೆಯುತ್ತಿದ್ದ ಹಸೆಗೋಡೆಯೂ ಹೋಯಿತು. ಈಗ ಚಿತ್ತಾರ ಚೌಕಟ್ಟು ಹಾಕಿಸಿಕೊಂಡು ಪೇಟೆಯ ಮನೆಗಳಿಗೆ ಹೋಗುತ್ತಿದೆ. ಬರೆದವರ ಕೈಗೆ ನಾಲ್ಕು ಕಾಸು ಬಂದರೆ ನನಗೂ ಸಂತೋಷವೇ. ಆದರೆ ತೂಗುಹಾಕಿದ ಚಿತ್ರವನ್ನು ಒಮ್ಮೆ ಬರೆದರೆ ಮುಗಿಯಿತು. ಬುಟ್ಟಿಗೆ ಹಾಗಲ್ಲ, ಗದ್ದೆ ಬಸುರಾದಾಗಲೆಲ್ಲ ಅದನ್ನು ಹೊಸದಾಗಿ ಬರೆಯಬೇಕು. ಈ ಕಲೆಯನ್ನು ಕೈಯಿಂದ ಕೈಗೆ ದಾಟಿಸುತ್ತಿರುವುದು ಆ ಬುಟ್ಟಿಯೇ ಎಂದು ನಾನು ನಂಬಿದ್ದೇನೆ.

ಈ ಸಲ ಅಜ್ಜಿ ಕೆಮ್ಮಣ್ಣು ಕಲಸುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ, ಗಂಡುಹುಡುಗರನ್ನೂ. ನಾಲ್ಕು ಎಳೆಯನ್ನಾದರೂ ಅವರೇ ಬರೆಯಲಿ. ಸೊಟ್ಟಗಾದರೆ ಅಳಿಸಬೇಡಿ, ಅದೇ ಬುಟ್ಟಿಯನ್ನು ಗದ್ದೆಗೆ ಒಯ್ಯಿರಿ.