ಒಂದೇ ಸಲ ಕೇಳಿಸುವ ಇಂಗ್ಲಿಷ್

ಮಂಗಳೂರು, ಉಡುಪಿ, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ, ಆಸ್ಪತ್ರೆಗಳಲ್ಲಿ ನಾಲ್ಕಾರು ವರ್ಷ ದುಡಿದು, ಬ್ರಿಟನ್ನಿಗೆ ಹೋಗಬೇಕೆಂದು ಹೊರಟ ಹುಡುಗ ಹುಡುಗಿಯರು ನಮ್ಮ ನಡುವೆ ಅನೇಕರಿದ್ದಾರೆ. ಅವರಲ್ಲಿ ಅನೇಕರು ಮೊದಲು ದಾಟಬೇಕಾದದ್ದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. 1989ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆಗಳು ಒಟ್ಟಾಗಿ ನಡೆಸುತ್ತವೆ. ಅಂಕಗಳನ್ನು ಇಲ್ಲಿ ಬ್ಯಾಂಡ್ ಎನ್ನುತ್ತಾರೆ. ಅತಿ ಹೆಚ್ಚೆಂದರೆ 9. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಕೇಳುವುದು ಆಲಿಸುವಿಕೆ, ಓದು, ಮಾತು ಈ ಮೂರರಲ್ಲೂ 7, ಬರವಣಿಗೆಯಲ್ಲಿ 6.5. ಇವುಗಳಲ್ಲಿ ಆಲಿಸುವಿಕೆ ಮತ್ತು ಓದನ್ನು ಮನೆಯಲ್ಲೇ ಕೂತು ಹೇಗೆ ಅಭ್ಯಾಸ ಮಾಡಬಹುದು ಎಂಬುದು ಇವತ್ತಿನ ಮಾತು.

ಮೊದಲು ಪರೀಕ್ಷೆಯ ಸ್ವರೂಪ ನೋಡೋಣ. ಆಲಿಸುವಿಕೆಯಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಮೊದಲ ಭಾಗದಲ್ಲಿ ಇಬ್ಬರ ದಿನನಿತ್ಯದ ಮಾತುಕತೆ, ಎರಡನೆಯದರಲ್ಲಿ ಒಬ್ಬರೇ ಕೊಡುವ ವಿವರಣೆ, ಮೂರನೆಯದರಲ್ಲಿ ವಿದ್ಯಾರ್ಥಿಗಳ ಚರ್ಚೆ, ನಾಲ್ಕನೆಯದರಲ್ಲಿ ಒಂದು ಉಪನ್ಯಾಸ. ಎಲ್ಲವನ್ನೂ ಒಂದೇ ಸಲ ಕೇಳಿಸುತ್ತಾರೆ. ಓದಿನಲ್ಲಿ 60 ನಿಮಿಷ, ಮೂರು ದೀರ್ಘ ಲೇಖನ, ಮತ್ತೆ 40 ಪ್ರಶ್ನೆ. ಎರಡರಲ್ಲೂ 40ಕ್ಕೆ ಸುಮಾರು 30 ಸರಿಯಾದರೆ 7ರ ಹತ್ತಿರ ಬಂದಂತೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಇದನ್ನು ತಿಳಿದ ಅಭ್ಯರ್ಥಿಗಳು ಸಾಮಾನ್ಯವಾಗಿ ಮಾಡುವುದೇನು? ದಿನಕ್ಕೊಂದು ಮಾಕ್ ಟೆಸ್ಟ್ ಬರೆಯುತ್ತಾರೆ, ಉತ್ತರ ತಾಳೆ ನೋಡುತ್ತಾರೆ, 24 ಬಂತೆಂದು ಬೇಸರಪಟ್ಟು ಮಾರನೆಯ ದಿನ ಇನ್ನೊಂದು ಬರೆಯುತ್ತಾರೆ. ತಿಂಗಳು ಕಳೆದರೂ ಅಂಕ 24ರಲ್ಲೇ ನಿಂತಿರುತ್ತದೆ. ಥರ್ಮಾಮೀಟರನ್ನು ಎಷ್ಟು ಸಲ ಇಟ್ಟರೂ ಜ್ವರ ಇಳಿಯುವುದಿಲ್ಲ ಎಂಬುದು ನರ್ಸುಗಳಿಗೆ ನಾನು ಹೇಳಿಕೊಡಬೇಕಾದ ಮಾತಲ್ಲ. ಟೆಸ್ಟ್ ಅಳೆಯುತ್ತದೆ, ಅಷ್ಟೆ. ಕಲಿಕೆ ನಡೆಯುವುದು ಟೆಸ್ಟ್ ಮುಗಿದ ಮೇಲೆ, ತಪ್ಪಿದ ಜಾಗಕ್ಕೆ ಹಿಂದಿರುಗಿ ಏಕೆ ತಪ್ಪಿತು ಎಂದು ಹುಡುಕುವಾಗ.

ಆಲಿಸುವಿಕೆಯಲ್ಲಿ ಹುಡುಕುವ ಬಗೆ ಹೀಗೆ. ಕೇಂಬ್ರಿಜ್‌ನ ಅಭ್ಯಾಸ ಪುಸ್ತಕಗಳಲ್ಲಿ ಧ್ವನಿಮುದ್ರಿಕೆಯ ಮಾತುಗಳೆಲ್ಲ ಕೊನೆಯಲ್ಲಿ ಅಚ್ಚಾಗಿರುತ್ತವೆ. ಒಂದು ಭಾಗವನ್ನು ಪರೀಕ್ಷೆಯಲ್ಲಿ ಇದ್ದಂತೆಯೇ ಒಮ್ಮೆ ಕೇಳಿ ಉತ್ತರ ಬರೆಯಿರಿ. ಉತ್ತರಪಟ್ಟಿಯನ್ನು ಆಗಲೇ ತೆರೆಯಬೇಡಿ. ಎರಡನೆಯ ಸಲ ವಾಕ್ಯ ವಾಕ್ಯಕ್ಕೂ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಉಕ್ತಲೇಖನದಂತೆ ಬರೆಯಿರಿ. ಮೂರನೆಯ ಸಲ ಅಚ್ಚಾದ ಮಾತನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿ, ಬಿಟ್ಟುಹೋದ ಪದಗಳಿಗೆ ಗೆರೆ ಎಳೆಯಿರಿ. ನಾಲ್ಕು ನಿಮಿಷದ ಧ್ವನಿಗೆ ಮುಕ್ಕಾಲು ಗಂಟೆ ಹಿಡಿಯಬಹುದು. ಹಿಡಿಯಲಿ. ಅವಸರದ ಮೂರು ಟೆಸ್ಟುಗಳಿಗಿಂತ ಈ ಮುಕ್ಕಾಲು ಗಂಟೆ ಹೆಚ್ಚು ಕಲಿಸುತ್ತದೆ.

ಗೆರೆ ಎಳೆದ ಪದಗಳನ್ನು ನೋಡಿದಾಗ ಒಂದು ಸಂಗತಿ ಬೆಳಕಿಗೆ ಬರುತ್ತದೆ. ಅವುಗಳಲ್ಲಿ ಬಹುಪಾಲು ನಮಗೆ ಗೊತ್ತಿರುವ ಪದಗಳೇ. ಗೊತ್ತಿದ್ದೂ ಕಿವಿಗೆ ಸಿಕ್ಕಿಲ್ಲ, ಇದು ಮೊದಲ ಬಗೆಯ ತಪ್ಪು. ಕನ್ನಡದಲ್ಲಿ ಬರೆದ ಅಕ್ಷರಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಉಚ್ಚರಿಸುತ್ತೇವೆ. ಇಂಗ್ಲಿಷ್ ಮಾತಿನಲ್ಲಿ ವಾಕ್ಯದ ಮುಖ್ಯ ಪದಗಳ ಮೇಲಷ್ಟೇ ಒತ್ತು ಬೀಳುತ್ತದೆ, ಉಳಿದ ಸಣ್ಣ ಪದಗಳು ತೇಲಿಹೋಗುತ್ತವೆ. 'ಕಪ್ ಆಫ್ ಟೀ' ಎಂದು ಓದುವುದು ಮಾತಿನಲ್ಲಿ 'ಕಪ್ಪಟೀ' ಎಂಬಂತೆ ಕೇಳುತ್ತದೆ. 'ಐ ಕ್ಯಾನ್ ಕಮ್' ಎನ್ನುವಾಗ 'ಕ್ಯಾನ್' ಬರೀ 'ಕನ್' ಆಗುತ್ತದೆ. ಬರಲಾಗದು ಎಂದು ಹೇಳುವಾಗ ಬ್ರಿಟಿಷರ ಬಾಯಲ್ಲಿ 'ಕಾಂಟ್' ಎಂದು ದೀರ್ಘವಾಗಿ, ಒತ್ತಿನೊಡನೆ ಬರುತ್ತದೆ. ಕೊನೆಯ ಟಕಾರ ಕೇಳಿಸದಿದ್ದರೂ ಆ ಒತ್ತಿನಿಂದಲೇ ಅರ್ಥ ಹಿಡಿಯಬೇಕು. ಹಾಗೆಯೇ 'ಫಿಫ್ಟೀನ್' ಮತ್ತು 'ಫಿಫ್ಟಿ'. ಹದಿನೈದರಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗೆ, ಐವತ್ತರಲ್ಲಿ ಯಾವಾಗಲೂ ಮೊದಲಿಗೆ. ಇದನ್ನು ನಿಯಮವಾಗಿ ಬಾಯಿಪಾಠ ಮಾಡಿದರೆ ಸಾಲದು. ಕೇಳಿದ ಮೇಲೆ ನಿಲ್ಲಿಸಿ, ಅದೇ ವೇಗದಲ್ಲಿ ನೀವೂ ಗಟ್ಟಿಯಾಗಿ ಹೇಳಿ ನೋಡಿ. ಬಾಯಿಗೆ ಬಂದದ್ದು ಕಿವಿಗೆ ಬೇಗ ಗುರುತು ಸಿಗುತ್ತದೆ.

ಎರಡನೆಯ ಬಗೆಯ ತಪ್ಪು ಅವಸರದ್ದು. ಗ್ರಂಥಾಲಯಕ್ಕೆ ಫೋನ್ ಮಾಡಿದವರು ಮೊದಲು ಮಂಗಳವಾರ ಬರುತ್ತೇನೆ ಎನ್ನುತ್ತಾರೆ. ಆ ದಿನ ರಜೆ ಎಂದು ತಿಳಿದು ಗುರುವಾರಕ್ಕೆ ಒಪ್ಪುತ್ತಾರೆ. ಮೊದಲು ಕೇಳಿದ್ದನ್ನೇ ಬರೆದು ಮುಂದೆ ಹೋದವರಿಗೆ ಅಂಕ ಹೋಯಿತು. ಮಾತು ಎಲ್ಲಿ ತಿರುಗುತ್ತದೆ ಎಂದು ಕಾಯಬೇಕು. 'ಬಟ್', 'ಆಕ್ಚುಲಿ' ಎಂಬಂಥ ಪದ ಬಂದರೆ ಹೆಚ್ಚು ಎಚ್ಚರವಾಗಬೇಕು. ಮೂರನೆಯದು ಕಾಗುಣಿತ. ಸರಿಯಾಗಿ ಕೇಳಿ ತಪ್ಪಾಗಿ ಬರೆದರೂ ಅಂಕವಿಲ್ಲ. ಎರಡು ಪದ ಮೀರಬಾರದು ಎಂಬ ಸೂಚನೆಯಿದ್ದಾಗ ಮೂರು ಬರೆದರೂ ಇಲ್ಲ.

ಇನ್ನು ಓದು. ಒಂದು ಲೇಖನಕ್ಕೆ 20 ನಿಮಿಷ ಎಂದು ಹಂಚಿಕೊಳ್ಳುವುದು ವಾಡಿಕೆ. ಆದರೆ ಅಭ್ಯಾಸದ ಮೊದಲ ವಾರಗಳಲ್ಲಿ ಗಡಿಯಾರವನ್ನು ಪಕ್ಕಕ್ಕಿಡಿ. ಪ್ರತಿ ಉತ್ತರಕ್ಕೂ ಲೇಖನದ ಯಾವ ವಾಕ್ಯ ಆಧಾರ ಎಂದು ಬೆರಳಿಟ್ಟು ತೋರಿಸಿ. ತೋರಿಸಲಾಗದ ಉತ್ತರ ಸರಿಯಾಗಿದ್ದರೂ ಅದು ಊಹೆ. ಪ್ರಶ್ನೆಯ ಪದ ಲೇಖನದಲ್ಲಿ ಹಾಗೆಯೇ ಇರುವುದು ಕಡಿಮೆ. ಅದೇ ಅರ್ಥ ಬೇರೆ ಮಾತಿನಲ್ಲಿ ಇರುತ್ತದೆ. ಆ ಜೋಡಿಗಳನ್ನು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದಿಟ್ಟುಕೊಂಡರೆ, ಪ್ರಶ್ನೆ ಕೇಳುವವರ ದಾರಿ ಮೆಲ್ಲಗೆ ಪರಿಚಯವಾಗುತ್ತದೆ.

ನಮ್ಮವರನ್ನು ಹೆಚ್ಚು ಕಾಡುವುದು 'ಟ್ರೂ, ಫಾಲ್ಸ್, ನಾಟ್ ಗಿವನ್' ಪ್ರಶ್ನೆ. ಲೇಖನ ಹೀಗಿದೆ ಎನ್ನಿ: ಈ ಊರಿನ ರೈತರು ಅಡಿಕೆ ಬೆಳೆಯತೊಡಗಿದರು, ಭತ್ತದ ಗದ್ದೆ ಕಡಿಮೆಯಾಯಿತು. 'ಭತ್ತದ ಗದ್ದೆ ಹೆಚ್ಚಿತು' ಎಂಬ ಹೇಳಿಕೆ ಲೇಖನಕ್ಕೆ ವಿರುದ್ಧ, ಆದ್ದರಿಂದ ಫಾಲ್ಸ್. 'ಅಡಿಕೆಯಿಂದ ರೈತರ ಆದಾಯ ಹೆಚ್ಚಿತು' ಎಂಬ ಹೇಳಿಕೆ? ಮಲೆನಾಡಿನವರ ಕೈ ಕೂಡಲೇ ಟ್ರೂ ಕಡೆ ಹೋಗುತ್ತದೆ, ಏಕೆಂದರೆ ಅಡಿಕೆಯ ದುಡ್ಡು ಅವರಿಗೆ ಗೊತ್ತು. ಆದರೆ ಲೇಖನ ಆದಾಯದ ಮಾತೇ ಎತ್ತಿಲ್ಲ. ಉತ್ತರ ನಾಟ್ ಗಿವನ್. ನಮಗೆ ತಿಳಿದದ್ದು ಬೇರೆ, ಬರೆದವರು ಹೇಳಿದ್ದು ಬೇರೆ. ಈ ಗೆರೆಯನ್ನು ಕಾಯುವುದೇ ಈ ಪ್ರಶ್ನೆ ಕಲಿಸುವ ಶಿಸ್ತು.

ಹಾಗಾದರೆ ವಾರದ ಅಭ್ಯಾಸ ಹೇಗಿರಲಿ? ನೈಟ್ ಡ್ಯೂಟಿ ಮಾಡುವವರಿಗೆ ದಿನಕ್ಕೆ ಮೂರು ಗಂಟೆ ಕೂರಿ ಎನ್ನುವುದು ಸುಲಭ, ಕೂರುವುದು ಕಷ್ಟ. ಒಂದು ದಿನ ಆಲಿಸುವಿಕೆಯ ಒಂದೇ ಭಾಗ, ಮರುದಿನ ಓದಿನ ಒಂದೇ ಲೇಖನ, ಎರಡನ್ನೂ ಬೇರಿನವರೆಗೆ. ಪೂರ್ತಿ ಟೆಸ್ಟ್ ವಾರಕ್ಕೊಂದು ಸಾಕು. ಬಸ್ಸಿನಲ್ಲಿ ಹೋಗುವಾಗ ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಕೇಳಬಹುದು. ಅದಕ್ಕೂ ಬರಹರೂಪ ಸಿಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದ ದನಿಗಳೂ ಪರೀಕ್ಷೆಯಲ್ಲಿ ಬರುವುದರಿಂದ ಒಂದೇ ಬಗೆಯ ಉಚ್ಚಾರಣೆಗೆ ಕಿವಿಯನ್ನು ಕಟ್ಟಿಹಾಕಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೊಂದು ಮಾತು. ಕಿವಿ ತಪ್ಪುವುದು ಬುದ್ಧಿಯ ಕೊರತೆಯಿಂದಲ್ಲ, ಆ ಸದ್ದುಗಳ ಒಡನಾಟ ಇಲ್ಲದಿದ್ದರಿಂದ. ಒಡನಾಟವನ್ನು ಯಾವ ವಯಸ್ಸಿನಲ್ಲೂ ಬೆಳೆಸಿಕೊಳ್ಳಬಹುದು. ಈ ದುಡಿಮೆ ಪರೀಕ್ಷೆಯ ದಿನಕ್ಕೇ ಮುಗಿಯುವುದೂ ಇಲ್ಲ. ನಾಳೆ ಪರದೇಶದ ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ, ಹೊರಡುವ ನರ್ಸ್ ಔಷಧದ ಪ್ರಮಾಣವನ್ನು ಸರಸರನೆ ಹೇಳಿಬಿಡುತ್ತಾರೆ. ಹದಿನೈದು ಮಿಲಿಗ್ರಾಮೋ ಐವತ್ತೋ? ಅನುಮಾನ ಬಂದರೆ ಅಲ್ಲಿ ಇನ್ನೊಮ್ಮೆ ಕೇಳಬಹುದು, ಕೇಳಲೇಬೇಕು. ಆದರೆ ಅನುಮಾನ ಬರುವುದಕ್ಕೂ ಪಳಗಿದ ಕಿವಿ ಬೇಕು. ಆ ಕಿವಿಗಾಗಿ ಅಭ್ಯಾಸ ಮಾಡಿ. ಬ್ಯಾಂಡ್ ಅದರ ಹಿಂದೆಯೇ ಬರುತ್ತದೆ.